ಪಾಯದ ಮಣ್ಣಿನಲ್ಲಿ ಅವರೆ

ಶ್ರಾವಣದ ಮೊದಲ ಬುಧವಾರ, ಬೆಳಿಗ್ಗೆ ಐದೂವರೆ. ಒಲೆಯ ಮುಂದೆ ಅವ್ವ, ಹಿತ್ತಿಲ ತಿಪ್ಪೆಯ ಬಳಿ ಅಪ್ಪ, ನಡುಮನೆಯಲ್ಲಿ ತಮ್ಮ ರಾಜು ಮತ್ತು ಅವನ ಹೆಂಡತಿ ಭಾಗ್ಯ, ಹಿಂದಿನ ಸಂಜೆ ದಾಸರಹಳ್ಳಿಯಿಂದ ಬಂದಿಳಿದ ನಾನು. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಇನ್ನೂ ಬಿಟ್ಟಿರಲಿಲ್ಲ, ರಸ್ತೆಯಲ್ಲಿ ಬಸ್ಸಿನ ಸದ್ದಿರಲಿಲ್ಲ. ಅವರೆ ಬಿತ್ತುವ ದಿನ ಅದು. ಮನೆಯ ಬೀಜ ಒಂದೇ ಗಡಿಗೆಯಷ್ಟು ಉಳಿದಿತ್ತು. ಅದು ಈ ಸಲವೂ ಕಾಯಿ ಕಟ್ಟದಿದ್ದರೆ ಆ ತಳಿ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು.

ನನಗಾಗ ಪೀಣ್ಯದ ಕಾರ್ಖಾನೆಯಿಂದ ನಿವೃತ್ತಿಯಾಗಿತ್ತು. ಸ್ವಿಚ್ಚುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ವಿಭಾಗ ನನ್ನದು. ನನ್ನ ಶಿಸ್ತನ್ನು ಕಾರ್ಖಾನೆ ಕಲಿಸಿತೆಂದು ಜೊತೆಯವರು ತಿಳಿದಿದ್ದರು. ಅದನ್ನು ಕಲಿಸಿದ್ದು ಈ ಮನೆ. ನಾನು ಹುಟ್ಟಿದ್ದು ಇದರ ಹಿಂದಿನ ಕೋಣೆಯಲ್ಲಿ, ಮದುವೆಯಾಗಿ ಹೋಗುವವರೆಗೆ ಮಲಗಿದ್ದು ನಡುಮನೆಯ ಕಂಬದ ಪಕ್ಕದಲ್ಲಿ. ಬೆಳಗಿನ ಜಾವ ಅಪ್ಪ ಒಂದು ಸಲ ಕೆಮ್ಮುತ್ತಿದ್ದ. ಎರಡನೆಯ ಸಲ ಕೆಮ್ಮುವ ಅಗತ್ಯ ಬೀಳಬಾರದು. ಮುಖ ತೊಳೆಯುವ ಮೊದಲು ಕೊಟ್ಟಿಗೆಯಿಂದ ಒಂದು ಬುಟ್ಟಿ ಸಗಣಿ ತಿಪ್ಪೆಗೆ ಹೋಗಬೇಕು. ಸಗಣಿಯ ಮೇಲೆ ಒಲೆಯ ಬೂದಿ, ಬೂದಿಯ ಮೇಲೆ ಕಸಕಡ್ಡಿ, ಕಸದ ಮೇಲೆ ಗಂಜಲ. ಈ ಕ್ರಮ ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ. ಮೇಲಿನದನ್ನು ಪೂರ್ತಿ ತೆಗೆಸಿ ಮತ್ತೆ ಹಾಕಿಸುತ್ತಿದ್ದ. ಶಾಲೆಗೆ ಹೊತ್ತಾದರೂ ಅಷ್ಟೇ. ಒಮ್ಮೆ ಬೂದಿಯನ್ನು ಮರೆತು ಕಸ ಸುರಿದು, ಅದನ್ನೆಲ್ಲ ಕೈಯಲ್ಲಿ ಎತ್ತಿ ಹಾಕಿ, ಗಂಜಲದ ವಾಸನೆ ಹೊತ್ತುಕೊಂಡೇ ಪರೀಕ್ಷೆ ಬರೆದು ಬಂದಿದ್ದೆ. ಊಟದಲ್ಲೂ ಹಾಗೆಯೇ. ಮುದ್ದೆ ಮುರಿದ ಮೇಲೆ ಮಾತಿಲ್ಲ, ತಟ್ಟೆ ತೊಳೆಯುವವರೆಗೆ ಏಳುವಂತಿಲ್ಲ.

ಇಷ್ಟು ಆಳಿದ ಅಪ್ಪನಿಗೆ ಮನೆಯಲ್ಲಿ ಒಂದೇ ಒಂದು ಜಾಗದ ಮೇಲೆ ಅಧಿಕಾರವಿರಲಿಲ್ಲ. ಅದು ಅಟ್ಟ. ಅಲ್ಲಿ ಬೀಜದ ಗಡಿಗೆಗಳಿದ್ದವು. ಅವರೆ ಬೀಜವನ್ನು ಅವ್ವ ತವರಿನಿಂದ ತಂದಿದ್ದಳು. ಸಣ್ಣ ಕಾಳು, ಹೊಟ್ಟೆಯ ಮೇಲೆ ಕಂದು ಗೆರೆ, ಇಬ್ಬನಿ ಬೀಳುವ ಕಾಲಕ್ಕೆ ಕಾಯಿ ಕಿತ್ತರೆ ಅದರ ಸೊಗಡು ಮೂರು ಮನೆಯಾಚೆಗೆ ಹೋಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದು ಸಲ ಮನೆ ತುಂಬ ನೆಂಟರು ಬಂದರು. ಸಾರಿಗೆ ಕಾಳಿರಲಿಲ್ಲ. ಅಟ್ಟದ ಗಡಿಗೆ ಇಳಿಸು ಎಂದು ಅಪ್ಪ ನಡುಮನೆಯಿಂದಲೇ ಕೂಗಿದ. ಅವ್ವ ಗಡಿಗೆ ಇಳಿಸಲಿಲ್ಲ. ಅಟ್ಟದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ನೆಂಟರ ಎದುರಿಗೇ ಕೂತುಬಿಟ್ಟಳು.

"ಹೊಸಿಲೊಳಗೆ ಇರೋಗಂಟ ಬೀಜ ನಂದು. ಆಚೆ ಕೊಟ್ಟ ಮ್ಯಾಲೆ ನಿಮ್ದು. ಆಮೇಲೆ ಬಿತ್ತಿ, ಬೇಯಿಸ್ಕೊಳ್ಳಿ, ನಾನು ಕೇಳಾಕಿಲ್ಲ."

ನೆಂಟರು ಬರೀ ಸೊಪ್ಪಿನ ಸಾರು ಉಂಡು ಹೋದರು. ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಬಿತ್ತುವ ದಿನ ಅವ್ವ ಹೊಸಿಲೊಳಗೆ ನಿಂತು ಮೊರದಲ್ಲಿ ಬೀಜ ಕೊಡುವುದು, ಅಪ್ಪ ಹೊರಗೆ ನಿಂತು ಟವೆಲ್ ಒಡ್ಡಿ ಅದನ್ನು ಪಡೆಯುವುದು. ಹೊರಗೆ ಹೋದ ಬಿತ್ತನೆ ಮತ್ತೆ ಒಳಗೆ ಬರುವಂತಿಲ್ಲ. ಹೊರಗೆ ಹೋದದ್ದರ ಬಗ್ಗೆ ಅವ್ವ ಬಾಯಿ ಹಾಕುವಂತಿಲ್ಲ. ಈ ಗೆರೆಯನ್ನು ಇಬ್ಬರಲ್ಲಿ ಯಾರೊಬ್ಬರೂ ದಾಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಬೀಜ ಒಂದು ಗಡಿಗೆಗೆ ಇಳಿದದ್ದು ಹೇಗೆಂದು ಹೇಳಬೇಕು. ನಮ್ಮ ಹೊಲ ತಗ್ಗಿನಲ್ಲಿತ್ತು. ಅದಕ್ಕೆ ಅಂಟಿಕೊಂಡ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟು ಎದ್ದಿತು. ಪಾಯ ತೋಡಿದ ಮಣ್ಣನ್ನು ಎಲ್ಲಿಗೆ ಸಾಗಿಸುವುದೆಂದು ಕಟ್ಟುವವರು ನೋಡುತ್ತಿದ್ದರು. ಅಪ್ಪ ತಾನೇ ಹೋಗಿ ನಮ್ಮ ಹೊಲಕ್ಕೆ ಹಾಕಿ ಎಂದ. ಅವನ ಲೆಕ್ಕ ಹಳೆಯದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಗೋಡು ಬಿದ್ದ ವರ್ಷ ಬೆಳೆ ಮೈದುಂಬಿ ಬರುತ್ತಿತ್ತು. ಕೆರೆಯ ಜಾಗದಲ್ಲಿ ಈಗ ರಸ್ತೆ ಇತ್ತು. ಹೊಸ ಮಣ್ಣು ತಾನಾಗಿ ಬಾಗಿಲಿಗೆ ಬಂದಿದೆ ಎಂದು ಅಪ್ಪ ಹಿಗ್ಗಿದ. ಆದರೆ ಕೆರೆಯ ಗೋಡು ಎಷ್ಟೋ ಮಳೆಗಾಲಗಳ ಎಲೆ, ಸಗಣಿ, ಕೊಳೆತದ್ದೆಲ್ಲ ಸೇರಿ ಆದದ್ದು. ಇದು ಎರಡಾಳುದ್ದ ಕೆಳಗೆ, ಬಿಸಿಲು ಗಾಳಿ ಕಾಣದೆ ಬಿದ್ದಿದ್ದ ಕೆಂಪು ಮಣ್ಣು. ನೋಡಲು ಚೆನ್ನಾಗಿತ್ತು, ಮುಟ್ಟಿದರೆ ನುಣ್ಣಗಿತ್ತು. ಅದರ ಮೇಲೆ ಬಿತ್ತಿದ ಅವರೆ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತಿತು. ಮರುವರ್ಷ ರಾಜು ಯೂರಿಯಾ ಸುರಿದ. ಬಳ್ಳಿ ಹಸಿರಾಗಿ ಹಬ್ಬಿತು, ಕಾಯಿ ಕಚ್ಚಲಿಲ್ಲ. ಅದರ ಮರುವರ್ಷ ಅಪ್ಪ ಬರೀ ಕೊಟ್ಟಿಗೆ ಗೊಬ್ಬರ ಹಾಕಿಸಿದ, ಅದೂ ಅರೆಬರೆ. ಗಡಿಗೆಗಳು ಒಂದೊಂದಾಗಿ ಬರಿದಾದವು. ಮಣ್ಣಿನ ಮಾತನ್ನು ಅಪ್ಪನ ಮುಂದೆ ಯಾರೂ ಎತ್ತಲಿಲ್ಲ. ಎತ್ತದೆ ಇರುವುದೇ ಆ ಮನೆಯಲ್ಲಿ ದಿನದ ದೊಡ್ಡ ಕೆಲಸವಾಗಿತ್ತು.

ದಾರಿ ತಂದವಳು ಭಾಗ್ಯ. ರೈತರ ತರಬೇತಿಯೊಂದಕ್ಕೆ ಹೋಗಿ, ಕಪ್ಪು ಪುಡಿಯ ಒಂದು ಪೊಟ್ಟಣ ತಂದಿದ್ದಳು. ಅವರೆ, ಅಲಸಂದೆಯಂಥ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅದರಲ್ಲಿತ್ತು. ನಮ್ಮ ಹಳೆಯ ಹೊಲದಲ್ಲಿ ಅವು ತಾವಾಗಿಯೇ ಇದ್ದವು. ಪಾಯದ ಮಣ್ಣಿನಲ್ಲಿ ಇರಲಿಲ್ಲ. ಕೊಟ್ಟಿಗೆ ಗೊಬ್ಬರ ಮಣ್ಣಿಗೆ, ಸ್ವಲ್ಪ ಡಿಎಪಿ ರಸಗೊಬ್ಬರ ಸಾಲಿನ ತಳಕ್ಕೆ, ಬ್ಯಾಕ್ಟೀರಿಯಾ ಬೀಜದ ಮೈಗೆ: ಮೂರೂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ ಎಂದು ಅವಳು ಫೋನಿನಲ್ಲಿ ಹೇಳಿದಾಗ ನನಗೆ ಹಿಡಿಸಿತು. ಕ್ರಮವಿರುವ ಕೆಲಸ. ಬಿತ್ತನೆಗೆ ಬರುತ್ತೇನೆ ಎಂದೆ. ಬೇಸಿಗೆಯಲ್ಲೇ ತಿಪ್ಪೆ ಗೊಬ್ಬರ ಹೊಲ ಸೇರಿತ್ತು. ಹಿಂದಿನ ದಿನ ಟಿಲ್ಲರಿನವನು ಉತ್ತು ಸಾಲು ಹೊಡೆದು ಹೋಗಿದ್ದ.

ಏಳು ಗಂಟೆಗೆ ಭಾಗ್ಯ ಬೆಲ್ಲದ ನೀರು ಕುದಿಸಿ ಆರಲು ಇಟ್ಟಳು. ಅಪ್ಪ ಕೈಕಾಲು ತೊಳೆದು ಬಂದು ಕಂಬಕ್ಕೆ ಒರಗಿ ನಿಂತ. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು.

"ಏನವ್ವ ಅದು, ಪಾಯಸವಾ?"

"ಬೀಜಕ್ಕೆ ಮಾವ. ಪುಡಿ ಅಂಟ್ಕೊಳ್ಳೋಕೆ. ತಣ್ಣಗಾಗ್ಲೇಬೇಕು, ಬಿಸಿ ಇದ್ರೆ ಅವು ಸತ್ತೋಗ್ತವೆ."

"ಯಾವು?"

"ಅದೇ ಮಾವ, ಬ್ಯಾಕ್ಟೀರಿಯಾ."

"ಹುಳ ಅನ್ನು. ಬೀಜಕ್ಕೆ ಹುಳ ಹತ್ತದಂಗೆ ನಿಮ್ಮತ್ತೆ ಇಷ್ಟು ವರ್ಷ ಬೂದಿ ಬೆರೆಸಿ ಕಾದ್ಲು. ಈಗ ಬೆಲ್ಲ ಹಾಕಿ ನೀವೇ ಹತ್ತುಸ್ತೀರಾ?"

ರಾಜು ನಕ್ಕ. ಅವ್ವ ನಗಲಿಲ್ಲ. ವಯಸ್ಸಿಗೆ ಅವಳ ಕಣ್ಣು ಆಗಲೇ ಮಂಜಾಗಿತ್ತು. ಅಗಲ ಬೋಗುಣಿಯಲ್ಲಿ ಬೀಜ ಸುರಿದುಕೊಂಡು, ಭಾಗ್ಯ ಹೇಳಿದಷ್ಟು ಬೆಲ್ಲದ ನೀರು ಚಿಮುಕಿಸಿ, ಪುಡಿ ಉದುರಿಸಿ, ಕಾಳಿನ ಸಿಪ್ಪೆ ಕೀಳದ ಹಾಗೆ ಬೆರಳ ತುದಿಯಲ್ಲಿ ಮೆಲ್ಲಗೆ ತಿರುವಿದಳು. ಒಂದೊಂದು ಕಾಳೂ ಕಪ್ಪಾಯಿತು. ಅರ್ಧ ಪೊಟ್ಟಣ ಉಳಿಯಿತು. ನಡುಮನೆಯ ನೆರಳಿನಲ್ಲಿ ಗೋಣಿತಾಟಿನ ಮೇಲೆ ಹರಡಿ ಆರಿಸಿದೆವು. ನೆರಳಲ್ಲೇ ಇರಬೇಕು, ಆರಿದ ತಕ್ಷಣ ಬಿತ್ತಿ ಮುಚ್ಚಬೇಕು ಎಂದು ಭಾಗ್ಯ ಎರಡು ಸಲ ಹೇಳಿದಳು. ಎರಡನೆಯ ಸಲ ಅಪ್ಪನ ಕಡೆ ತಿರುಗಿ ಹೇಳಿದಳು. ಅಪ್ಪ ಟವೆಲ್ ಕೊಡವಿದ. ಒಂಬತ್ತು ಗಂಟೆಗೆ ಅವ್ವ ಹೊಸಿಲೊಳಗಿಂದ ಬೀಜವನ್ನು ಮೊರದ ಸಮೇತ ಕೊಟ್ಟಳು, ಅಪ್ಪ ಹೊರಗಿನಿಂದ ಪಡೆದ.

ನಾವು ಮೂವರು ಮುಂದಾಗಿ ಹೊಲಕ್ಕೆ ಹೋದೆವು. ಬೀಜ ಬರುವಷ್ಟರಲ್ಲಿ ಸಾಲಿನ ತಳಕ್ಕೆ ಡಿಎಪಿ ಹಾಕಿ ಮೇಲೆ ತೆಳ್ಳಗೆ ಮಣ್ಣೆಳೆಯುವುದು ಕೆಲಸ. ರಾಜುವಿಗೆ ಮಧ್ಯಾಹ್ನದ ಪಾಳಿ. ಒಂದು ಗಂಟೆಗೆ ಗಾಡಿ ಹತ್ತಬೇಕು. ಅವನು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ. ಎರಡು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿದು ನಿಂತ.

"ಅಕ್ಕ, ಇದು ಆಗೋ ಮಾತಲ್ಲ. ಗೊಬ್ಬರ, ಬೀಜ ಒಂದೇ ಬಕೆಟ್ಟಿಗೆ ಹಾಕಿ ಕಲಸಿ ಬಿಟ್ಕೊಂಡು ಹೋಗೋಣ. ಒಂದೇ ಓಟಕ್ಕೆ ಮುಗೀತದೆ."

"ಉಪ್ಪಿನಕಾಯಿ ಜಾಡಿಗೆ ಹಾಲು ಕಾಯಿಸಿ ಸುರೀತೀಯೇನೋ?" ಎಂದೆ.

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಡಿಎಪಿ ಬೀಜದ ಮೈಗೆ ತಾಗಿದ್ರೆ ಹಚ್ಚಿದ್ದೆಲ್ಲ ಸುಟ್ಟೋಗ್ತದೆ ಕಣ್ರೀ," ಎಂದಳು ಭಾಗ್ಯ, ಬಗ್ಗಿದಲ್ಲಿಂದಲೇ. "ಕೆಳಗೆ ಗೊಬ್ಬರ, ನಡುವೆ ಮಣ್ಣು, ಮೇಲೆ ಬೀಜ. ಎಷ್ಟು ಸಲ ಹೇಳೋದು?"

ರಾಜು ಗೊಣಗಿಕೊಂಡು ಮತ್ತೆ ಬಗ್ಗಿದ. ಅಪಾರ್ಟ್‌ಮೆಂಟಿನ ಕಾಂಪೌಂಡಿನ ನೆರಳು ನಮ್ಮ ಸಾಲುಗಳ ಮೇಲಿಂದ ಹಿಂದಕ್ಕೆ ಸರಿಯುತ್ತ ಹೋಯಿತು. ಶ್ರಾವಣದ ಮೋಡ ಹರಿದು ಚುರುಕಾದ ಬಿಸಿಲು ಬಿತ್ತು. ಅರ್ಧ ಹೊಲ ಮುಗಿಯಿತು. ಅಪ್ಪ ಬರಲಿಲ್ಲ. ಮೊರದ ಮೇಲೆ ಟವೆಲ್ ಮುಚ್ಚಿಕೊಂಡು ಹಿಂದೆಯೇ ಬರಬೇಕಿದ್ದವನು. ನಾನು ಕೈ ಕೊಡವಿ ಮನೆಯ ಕಡೆ ನಡೆದೆ. ಮೊದಲು ನಡೆದೆ, ಆಮೇಲೆ ಓಡಿದೆ.

ಬೀಜ ಮನೆಯ ಮುಂದಿನ ಸಿಮೆಂಟಿನ ಜಗಲಿಯ ಮೇಲೆ, ಸುಡುಬಿಸಿಲಿನಲ್ಲಿ, ಬೆರಳಲ್ಲಿ ಎಳೆದ ಗೆರೆಗಳ ಹಾಗೆ ಸಾಲುಸಾಲಾಗಿ ಹರಡಿತ್ತು. ಅಪ್ಪ ಪಕ್ಕದಲ್ಲಿ ಕಾಲು ಮಡಚಿ ಕೂತು ಕಾಗೆ ಅಟ್ಟುತ್ತಿದ್ದ. ಕಾಳಿನ ಮೇಲಿನ ಕಪ್ಪು ಬಿರಿದು ಪುಡಿಯಾಗಿ ಉದುರುತ್ತಿತ್ತು. ಜಗಲಿ ಮುಟ್ಟಿ ನೋಡಿದೆ. ದೋಸೆಯ ಕಾವಲಿಯಷ್ಟು ಕಾದಿತ್ತು.

"ಅಪ್ಪಾ, ಏನಿದು?"

"ಬಿಸಿಲು ತೋರಿಸ್ತಾವ್ನಿ. ನಮ್ಮನೇಲಿ ಬಿತ್ತೋ ಬೀಜನ ಬಿಸಿಲಿಗೆ ಹಾಕ್ದೆ ಯಾವತ್ತು ಬಿತ್ತಿದ್ದೀವಿ, ನೀನೇ ಯೋಳು."

ಹೌದು, ಎಂದೂ ಬಿತ್ತಿರಲಿಲ್ಲ. ನಾನೇ ಚಿಕ್ಕಂದಿನಲ್ಲಿ ಇದೇ ಜಗಲಿಯಲ್ಲಿ ಕೂತು ಬಿಸಿಲಿಗೆ ಹಾಕಿದ ಬೀಜ ಕಾದವಳು. ಅಪ್ಪ ಯಾವುದನ್ನು ತಪ್ಪದೆ ಮಾಡಬೇಕೆಂದು ನನಗೆ ಕಲಿಸಿದ್ದನೋ ಅದನ್ನೇ ತಪ್ಪದೆ ಮಾಡಿದ್ದ. ರಾಜು, ಭಾಗ್ಯ ಹಿಂದೆಯೇ ಓಡಿ ಬಂದರು. ಭಾಗ್ಯ ಒಂದು ಹಿಡಿ ಕಾಳೆತ್ತಿ ಅಂಗೈಯಲ್ಲಿ ಉರುಳಿಸಿ ನೋಡಿ ಕೆಳಗಿಟ್ಟಳು.

"ಅರ್ಧ ಪೊಟ್ಟಣ ಒಳಗಿದೆ," ಎಂದೆ. "ಇನ್ನೊಂದು ಸಲ ಹಚ್ಚೋಣ. ಬೀಜ ಕೊಡಪ್ಪ."

"ಆಚೆ ಬಂದ ಬೀಜ ಒಳಗೋಗಾಕಿಲ್ಲ."

"ಅಪ್ಪಾ, ಇದು ಕೊನೇ ಗಡಿಗೆ."

"ಗೊತ್ತು ಕಣಮ್ಮ. ನಂಗೆ ಗೊತ್ತಿಲ್ವಾ? ಇಂಗೇ ಬಿತ್ತೋಣ. ಹುಟ್ಟಿದ್ರೆ ಹುಟ್ತದೆ."

"ಇಂಗೇ ಬಿತ್ತಿ ಮೂರು ವರ್ಷ ನೋಡಿದ್ದೀವಲ್ಲ!" ರಾಜು ಕೂಗಿದ. "ಹುಟ್ತದೆ, ಹಳದಿ ಆಗ್ತದೆ, ನಿಂತ್ಕೋತದೆ. ಅದೇ ಆಗೋದು. ಯಾಕೆ ಅಂತ ನಿಂಗೂ ಗೊತ್ತು."

ಅಪ್ಪ ಕಾಗೆ ಅಟ್ಟುವ ಕೋಲನ್ನು ಜಗಲಿಯ ಅಂಚಿಗೆ ಮೆಲ್ಲಗೆ ಇಟ್ಟ. ಚಿಕ್ಕಂದಿನಲ್ಲಿ ಅವನು ಹೊಡೆಯಲು ಎದ್ದಾಗ ಕೂಡ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

"ಯಾಕೆ? ಬಾಯಿ ಬಿಟ್ಟು ಯೋಳು. ಆ ಮಣ್ಣು ಹಾಕ್ಸಿದ್ದು ನಾನು. ನಾನೇ ಓಗಿ ಲಾರಿ ಕರ್ಕೊಂಡ್ ಬಂದೆ. ಹೊಲ ಸತ್ತೋಯ್ತು, ಕೊಂದವನು ನಾನು. ಅದಕ್ಕೇ ಈಗ ಅಂಗಡಿಯಿಂದ ಜೀವ ತಂದು ಬೀಜಕ್ಕೆ ಬಳೀತಾ ಇದ್ದೀರಿ. ಅಷ್ಟೇ ತಾನೆ ನೀವು ಅಂತಿರೋದು?"

ರಾಜು ನೆಲ ನೋಡಿದ. ಆ ಪುಡಿಯನ್ನು ಒಪ್ಪಿಕೊಳ್ಳುವುದೆಂದರೆ ಅವನ ಪಾಲಿಗೆ ಏನನ್ನು ಒಪ್ಪಿಕೊಂಡಂತೆ ಎಂದು ನನಗೆ ಹೊಳೆದದ್ದು ಆಗ. ಬಿಸಿಲು ಮಾತ್ರ ಕಾಯುತ್ತಲೇ ಇತ್ತು, ಕಾಳು ಒಣಗುತ್ತಲೇ ಇತ್ತು. ಅವನ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ, ಬಿಟ್ಟುಬಿಡುವ ಮನಸ್ಸೂ ಇರಲಿಲ್ಲ.

ಬಾಗಿಲಲ್ಲಿ ಅವ್ವ ಕಾಣಿಸಿದಳು. ಒಂದು ಕೈಯಲ್ಲಿ ಬೋಗುಣಿ, ಒಳಗೆ ಮಿಕ್ಕಿದ್ದ ಬೆಲ್ಲದ ನೀರು, ಸೆರಗಿನ ತುದಿಯಲ್ಲಿ ಪೊಟ್ಟಣದ ಗಂಟು. ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಕಾಲಿನಿಂದ ಹೊಸಿಲನ್ನು ತಡವಿ ಗುರುತಿಸಿ, ಆಚೆ ಇಳಿದಳು. ಜಗಲಿಯ ಮೇಲೆ ಸೂರಿನ ನೆರಳು ಬೀಳುವ ಮೂಲೆಯಲ್ಲಿ ಕಾಲು ಚಾಚಿ ಕೂತಳು.

"ಬೀಜ ಒಳಗೆ ಬರೋದು ಬ್ಯಾಡ. ನಾನೇ ಬಂದಿವ್ನಿ. ಈ ಕಡೆ ತಳ್ಳಿ."

"ಆಚೆ ಬಂದ ಮ್ಯಾಲೆ ನಂದು ಅಂತ ನೀನೇ ಅಂದಿದ್ದೆ," ಎಂದ ಅಪ್ಪ.

"ನಿಮ್ದೇ. ಯಾರು ಇಲ್ಲ ಅಂದ್ರು? ಅದಕ್ಕೇ ಕೇಳ್ತಾ ಇದ್ದೀನಿ. ಕೊಡಿ."

ಅಪ್ಪ ಕದಲಲಿಲ್ಲ.

"ಮಣ್ಣು ತಂದ್ರಿ. ಗೋಡು ಅಂತ ತಂದ್ರಿ. ಆವತ್ತು ನಾನೂ ಕೈಯಲ್ಲಿ ಹಿಡಿದು ನೋಡಿ ಒಳ್ಳೆ ಮಣ್ಣು ಅಂದೆ. ಅದನ್ನ ಮಾತ್ರ ಮರ್ತೀರಿ. ಒಬ್ರೇ ಹೊತ್ಕೊಂಡು ಕೂತಿದ್ದೀರಿ, ಮೂರು ವರ್ಷದಿಂದ. ನನಗೆ ಕಣ್ಣು ಕಾಣಾಕಿಲ್ಲ, ಮುಂದಿನ ವರ್ಷ ಬೀಜ ಆರಿಸೋಕೆ ನಾನು ಇರ್ತೀನೋ ಇಲ್ವೋ. ತಳ್ಳಿ ಈ ಕಡೆ, ಒಣಗ್ತಾ ಅದೆ."

ಅಪ್ಪ ಎರಡೂ ಅಂಗೈಗಳನ್ನು ಜಗಲಿಗೆ ಒರೆಸುತ್ತ ಕಾಳನ್ನು ನೆರಳಿನ ಕಡೆ ಸರಿಸತೊಡಗಿದ. ಬಿಸಿ ಸಿಮೆಂಟಿಗೆ ಕೈ ಚುರ್ರೆನ್ನುತ್ತಿದ್ದಿರಬೇಕು. ಒಂದು ಕಾಳೂ ಬಿಡದೆ ಸರಿಸಿದ. ಭಾಗ್ಯ ಪೊಟ್ಟಣ ಬಿಚ್ಚಿದಳು. ಕಾಳು ಪೂರ್ತಿ ತಣ್ಣಗಾಗುವವರೆಗೆ ಪುಡಿ ಮುಟ್ಟಿಸಬೇಡ ಎಂದು ಅವಳಿಗೆ ಹೇಳಿದವನು ಅಪ್ಪ. ಅವಳು ಬೆಳಿಗ್ಗೆ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡಿದ್ದ.

ಅವ್ವ ತಿರುವುತ್ತಿದ್ದಾಗ ರಾಜು ಮೊಬೈಲ್ ತೆಗೆದು ಅಂಗಳದ ತುದಿಗೆ ಹೋದ.

"ಮಗಾ, ಇವತ್ತು ಸೆಕೆಂಡ್ ಶಿಫ್ಟ್ ನೀನ್ ನೋಡ್ಕೊಂಡ್ಬಿಡು. ನಾಳೆ ನಿಂದು ನಾನ್ ಮಾಡ್ತೀನಿ. ಇಲ್ಲ ಗುರು, ಹುಷಾರಾಗೇ ಇದ್ದೀನಿ. ಅವರೆ ಬಿತ್ತನೆ. ಅಯ್ಯೋ ನಗ್ಬೇಡ ಕಣೋ, ಸಾರಿಗೆ ಬರ್ತೀಯಲ್ಲ ಆಮೇಲೆ!"

ಈ ಸಲ ನೆರಳಿನಲ್ಲಿ ಆರಿದ್ದನ್ನು ಅಪ್ಪನೇ ಒದ್ದೆ ಗೋಣಿಯ ಕೆಳಗೆ ಮುಚ್ಚಿಕೊಂಡು ಹೊಲಕ್ಕೆ ತಂದ. ಅವ್ವನೂ ಬರುತ್ತೇನೆಂದಳು. ನಾನು ಅವಳ ಕೈ ಹಿಡಿದು ನಡೆಸಿದೆ. ಬಿಸಿಲು ತಗ್ಗುವವರೆಗೆ ಕಾದು, ಕಾಂಪೌಂಡಿನ ಪಕ್ಕದ ಸಾಲಿನಿಂದ ಶುರು ಮಾಡಿದೆವು. ರಾಜು ಮುಂದೆ, ಡಿಎಪಿಯ ಮೇಲೆ ಮಣ್ಣೆಳೆಯುತ್ತ. ಹಿಂದೆ ಅವ್ವ, ಮಡಿಲಿನಿಂದ ಕಾಳು ತೆಗೆದು, ಗೇಣಿಗೆ ಒಂದರಂತೆ ಬೆರಳಲ್ಲಿ ಅಳೆದು ಊರುತ್ತ. ಅವಳ ಹಿಂದೆ ಅಪ್ಪ, ಕಾಲಿನ ಪಕ್ಕದಿಂದ ಮಣ್ಣು ತಳ್ಳಿ ಮೆಲ್ಲಗೆ ಅದುಮುತ್ತ. ಭಾಗ್ಯ ಗೋಣಿ ಎತ್ತಿ ಎತ್ತಿ ಅವ್ವನ ಮಡಿಲು ತುಂಬಿದಳು. ನಾನು ಬಿಟ್ಟುಹೋದ ಕಡೆ ನೋಡುತ್ತ ನಡೆದೆ. ಅದು ನನ್ನ ಕಾರ್ಖಾನೆಯ ಕೆಲಸವೂ ಹೌದು. ಒಂದೆರಡು ಕಡೆ ಕಾಳು ಮೇಲೆ ಕಾಣುತ್ತಿದೆ ಎಂದೆ. ಅಪ್ಪ ಹಿಂದಕ್ಕೆ ಹೋಗಿ ಮುಚ್ಚಿದ. ನಾನು ಹೇಳಿ ಅವನು ತಿದ್ದಿದ್ದು ಅದೇ ಮೊದಲು.

ಆ ಬೀಜ ಏನಾಯಿತೆಂದು ಓದುವವರನ್ನು ಕಾಯಿಸುವುದಿಲ್ಲ. ಗಿಡ ಹೂವಿಗೆ ಬರುವ ಮುಂಚೆ ಭಾಗ್ಯ ಒಂದನ್ನು ಬುಡಸಹಿತ ಅಗೆದು ಬೇರು ತೊಳೆದಳು. ಸಾಸಿವೆಯಿಂದ ಕರಿಮೆಣಸಿನ ಗಾತ್ರದವರೆಗಿನ ಗಂಟುಗಳು ಕಟ್ಟಿದ್ದವು. ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು, ಅಂದರೆ ಕೆಲಸ ಮಾಡುತ್ತಿವೆ. ಎಲ್ಲ ಕಡೆಯೂ ಒಂದೇ ಸಮ ಬರಲಿಲ್ಲ, ಹೊಲದ ನಡುವೆ ಒಂದು ಪಟ್ಟೆ ಹಳದಿಯಾಗಿಯೇ ಉಳಿಯಿತು. ಉಳಿದ ಕಡೆ ಕಾಯಿ ಕಚ್ಚಿತು. ಆ ವರ್ಷ ಒಂದು ಕಾಯಿಯನ್ನೂ ನಾವು ಸಾರಿಗೆ ಕೀಳಲಿಲ್ಲ. ಎಲ್ಲವನ್ನೂ ಗಿಡದಲ್ಲೇ ಒಣಗಿಸಿ ಬೀಜ ಮಾಡಿದೆವು. ರಾಜುವಿನ ಗೆಳೆಯ ಸಾರಿಗೆ ಇನ್ನೊಂದು ವರ್ಷ ಕಾಯಬೇಕಾಯಿತು.

ಆ ಬುಧವಾರ ಕೊನೆಯ ಸಾಲಿಗೆ ಬಂದಾಗ ಕಾಂಪೌಂಡಿನಾಚೆ ಮನೆಗಳಲ್ಲಿ ದೀಪ ಹತ್ತಿಕೊಳ್ಳುತ್ತಿದ್ದವು. ಅವ್ವನ ಮಡಿಲಿನಲ್ಲಿ ಕಾಳು ಮುಗಿಯಿತು, ಸಾಲು ಒಂದು ಮಾರು ಉಳಿಯಿತು. ಮಣಿಕಟ್ಟಿನವರೆಗೆ ಕಪ್ಪಾಗಿದ್ದ ಕೈಗಳನ್ನು ಚಾಚಿಕೊಂಡು ನಿಂತಳು. ಭಾಗ್ಯ ಸಾಬೂನು ತರುತ್ತೇನೆಂದು ಹೊರಟಳು. ಬೇಡ ಎಂದು ಅಪ್ಪ ಕೈ ಅಡ್ಡ ಮಾಡಿದ.

"ಅದ್ರಲ್ಲೂ ಇರ್ತಾವೆ ತಾನೆ, ಆ ನಿನ್ನವು?"

"ಇರ್ತಾವೆ ಮಾವ."

"ಅಂಗಾದ್ರೆ ಇಲ್ಲೇ ತೊಳೀಲಿ."

ಅವ್ವ ಖಾಲಿ ಸಾಲಿನ ಮೇಲೆ ಬಗ್ಗಿದಳು. ನಾನು ಚೆಂಬಿನಿಂದ ನೀರು ಬಿಟ್ಟೆ. ಅವಳು ಬೆರಳು ಬೆರಳೂ ಉಜ್ಜಿ ತೊಳೆದಳು, ಕಪ್ಪು ನೀರು ಕೆಂಪು ಮಣ್ಣಿಗೆ ಇಳಿಯಿತು. ಅಪ್ಪ ಕಾಲಿನಿಂದ ಅದರ ಮೇಲೂ ಮಣ್ಣು ಎಳೆದು, ಬೀಜವಿದ್ದ ಸಾಲನ್ನು ಮುಚ್ಚಿದಷ್ಟೇ ಜೋಪಾನವಾಗಿ, ಒಮ್ಮೆ ಅದುಮಿದ.